ಕಂಬಳಿಯವರು ಬಾರದ ಮನೆ

ನಮ್ಮೂರಿನಲ್ಲಿ ಸಾವಿನ ಸುದ್ದಿಯನ್ನು ಯಾರೂ ಯಾರಿಗೂ ಹೇಳಿಕಳಿಸುವುದಿಲ್ಲ. ಕಂಬಳಿಯವರು ಬೆಟ್ಟದಿಂದ ಇಳಿದು ಬಂದು ಆ ಮನೆಯೆದುರು ಕೂರುತ್ತಾರೆ. ಬೀದಿಯಲ್ಲಿ ಹೋಗಿಬರುವವರು ಕಂಡು, ಚಪ್ಪಲಿ ಬಿಟ್ಟು, ಮಾತಿಲ್ಲದೆ ಒಳಗೆ ಹೋಗುತ್ತಾರೆ.

ನಮ್ಮಪ್ಪ ತೀರಿಕೊಂಡಾಗ ನಾನು ಇನ್ನೂ ಲಂಗ ಉಡುವ ಹುಡುಗಿ. ಅಪ್ಪ ಊಟ ಮಾಡಿ ಜಗುಲಿಯ ಮೇಲೆ ಮಲಗಿದ್ದ. ಅವ್ವ ಒಳಗೆ ಹುರುಳಿ ಕೇರುತ್ತಿದ್ದಳು. ನಾನು ಬಿಂದಿಗೆ ಹಿಡಿದು ಹೊಸಿಲು ದಾಟಿದರೆ ಎದುರಿನ ಹೊಂಗೆಮರದ ಬುಡದಲ್ಲಿ ಒಬ್ಬರು ಕೂತಿದ್ದರು. ಕೂತಿದ್ದರೂ ನಿಂತ ಗಂಡಸಿಗಿಂತ ಎತ್ತರ. ಕಂಬಳಿ ಹೊದ್ದ ಹಾಗೆ ಮೈತುಂಬ ಬೂದಿಗಪ್ಪಿನ ಉದ್ದ ಕೂದಲು, ನೆಲ ಮುಟ್ಟುವ ಕೈ, ಕೂದಲ ನಡುವೆ ಒದ್ದೆಯಾಗಿ ಹೊಳೆಯುವ ಎರಡು ಕಣ್ಣು. ನೆನೆದ ಉಣ್ಣೆಯ ವಾಸನೆ ಬೀದಿಯನ್ನೆಲ್ಲ ತುಂಬಿತ್ತು. ಅವರು ನನ್ನನ್ನು ನೋಡುತ್ತಿರಲಿಲ್ಲ, ಜಗುಲಿಯನ್ನು ನೋಡುತ್ತಿದ್ದರು. ನಾನು ಬಿಂದಿಗೆ ಕೆಳಗಿಟ್ಟು "ಅವ್ವಾ, ಅಪ್ಪನ್ನ ಎಬ್ಬಿಸವ್ವಾ" ಎಂದೆ. ಅವ್ವ ಮೊರ ಹಿಡಿದೇ ಹೊರಗೆ ಬಂದವಳು ಮೊದಲು ಮರದ ಕಡೆ ನೋಡಿದಳು. ಆಮೇಲೆ ಅಪ್ಪನ ಕಡೆ ನೋಡಿದಳು. ಎಬ್ಬಿಸಲಿಲ್ಲ.

ಬಂದವರು ಅಳುವುದಿಲ್ಲ, ಸದ್ದು ಮಾಡುವುದಿಲ್ಲ, ಕೊಟ್ಟದ್ದನ್ನು ತಿನ್ನುವುದಿಲ್ಲ. ಹೆಣ ಎತ್ತುವವರೆಗೆ ಕೂತಿರುತ್ತಾರೆ. ಮೆರವಣಿಗೆಯ ಕೊನೆಯಲ್ಲಿ ತುಸು ದೂರ ಬಿಟ್ಟು ನಡೆಯುತ್ತಾರೆ. ಮಣ್ಣು ಮುಚ್ಚಿದ ಮೇಲೆ ಬೆಟ್ಟದ ದಾರಿ ಹಿಡಿಯುತ್ತಾರೆ. ಬಳೆಗಾರ ಖಾಸಿಂಸಾಬರ ಹೆಂಡತಿಗೂ ಬಂದಿದ್ದರು, ಹೆಸರಿಡುವ ಮೊದಲೇ ಹೋದ ಕೂಸಿಗೂ ಬಂದಿದ್ದರು, ಯಾರೂ ಮಾತಾಡಿಸದಿದ್ದ ಬಡ್ಡಿ ಸಿದ್ದಣ್ಣನಿಗೂ ಬಂದಿದ್ದರು. ಹೊಸ ಮನೆ ಕಟ್ಟುವವರು ಎದುರಿಗೆ ಒಬ್ಬರು ಕೂರುವಷ್ಟು ಜಾಗ ಬಿಡಲೇಬೇಕು. ಬಿಡದೆ ಕಟ್ಟಹೊರಟರೆ ಯಾವ ಗಾರೆಯವನೂ ಕೆಲಸಕ್ಕೆ ಬರುವುದಿಲ್ಲ. ಅವರು ಕೂತ ಬೀದಿಯಲ್ಲಿ ಬಸ್ಸಿನವನು ಹಾರನ್ ಹೊಡೆಯುವುದಿಲ್ಲ. ನಾಯಿಗಳು ಮಂಚದಡಿ ಸೇರಿಕೊಳ್ಳುತ್ತವೆ. ಅವರತ್ತ ಬೆರಳು ಮಾಡಿ ತೋರಿಸಬಾರದು ಎನ್ನುವುದನ್ನು ಮಕ್ಕಳಿಗೆ ನಡಿಗೆ ಕಲಿಸುವಾಗಲೇ ಕಲಿಸುತ್ತೇವೆ.

ಸಾವು ಊರಲ್ಲೇ ಆಗಬೇಕೆಂದಿಲ್ಲ. ಟೈಲರ್ ಚಿಕ್ಕಲಿಂಗಯ್ಯನ ಮಗ ಎಲ್ಲೋ ಬಂದರಿನಲ್ಲಿ ಕೆಲಸಕ್ಕಿದ್ದ. ಒಂದು ಮಧ್ಯಾಹ್ನ ಕಂಬಳಿಯವರು ಬಂದು ಅವರ ಅಂಗಡಿಯೆದುರು ಕೂತರು. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಇದ್ದರು. ಚಿಕ್ಕಲಿಂಗಯ್ಯ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟು ಗೋಡೆಗೆ ತಲೆಯಿಟ್ಟ. ಫೋನು ಬಂದದ್ದು ಸಂಜೆಗೆ. ಹಾಗಾಗಿ ನಮ್ಮೂರಿನಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವವರು ಮೊದಲು ಎದುರಿನ ಜಾಗ ನೋಡುತ್ತಾರೆ, ಆಮೇಲೆ ಸೂರ್ಯನನ್ನು.

ಅವರು ಯಾರು ಎನ್ನುವುದಕ್ಕೆ ಊರಿನಲ್ಲಿ ಬಾಯಿಗೊಂದು ಮಾತು. ಹೆಡ್‌ಮೇಷ್ಟ್ರು ಅದು ಒಂದು ಜಾತಿಯ ಕರಡಿ ಎನ್ನುತ್ತಿದ್ದರು. "ಕರಡಿ ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ಕತದಾ ಮೇಷ್ಟ್ರೇ?" ಎಂದು ಹೋಟೆಲಿನವನು ಕೇಳುತ್ತಿದ್ದ. ಹೆಣದ ವಾಸನೆ ಹಿಡಿದು ಬರುತ್ತಾರೆ ಎಂದು ಕೆಲವರು. ಹಾಗಾದರೆ ಬಂದರಿನ ಹೆಣದ ವಾಸನೆ ಹೇಗೆ ಬಂತು ಎಂದು ಉಳಿದವರು. ಅವರೂ ಹಿಂದೆ ನಮ್ಮ ಹಾಗೆ ಮನುಷ್ಯರೇ, ಯಾವುದೋ ರೋಗದ ಕಾಲದಲ್ಲಿ ತಮ್ಮವರನ್ನು ಸಾಯಲು ಬಿಟ್ಟು ಕಾಡಿಗೆ ಓಡಿಹೋದವರು ಎಂದು ಅವ್ವ ಹೇಳುತ್ತಿದ್ದಳು. "ಅವತ್ತು ಕೂರನಿಲ್ವಲ್ಲ, ಅದಕ್ಕೇ ಈಗ ಕೂತ್ಕತರೆ" ಎನ್ನುತ್ತಿದ್ದಳು. ಬೆಟ್ಟದ ಆ ಮಗ್ಗುಲಲ್ಲಿ ಬಿಳಿಕಲ್ಲು ಹಳ್ಳವೆಂದು ಒಂದು ಹಳ್ಳವಿದೆ. ಅದರಾಚೆ ಅವರ ಜಾಗ. ನಮ್ಮವರು ಯಾರೂ ಹಳ್ಳ ದಾಟುವುದಿಲ್ಲ.

ನಮ್ಮಣ್ಣ ರಾಚಪ್ಪ ಹಾಲುಮಡ್ಡಿ ತೆಗೆಯುವವನು. ಕಾಡಿನ ಮರದ ತೊಗಟೆ ಕೆತ್ತಿ, ಸುರಿದ ಅಂಟನ್ನು ಡಬ್ಬಿಗೆ ಹಿಡಿದು ತರಬೇಕು. ಅದು ಊದುಬತ್ತಿಗೆ ಬೇಕಾಗುತ್ತದೆ. ನಮ್ಮೂರಿನ ಹೆಂಗಸರೆಲ್ಲ ಊದುಬತ್ತಿ ಹೊಸೆಯುವವರು, ಗಂಡಸರಲ್ಲಿ ಅರ್ಧ ಜನ ಮಡ್ಡಿಗೆ ಹೋಗುವವರು. ಅಣ್ಣ ದೊಡ್ಡ ಬಾಯಿಯವನು. ಬೀದಿಯ ತುದಿಯಿಂದಲೇ ಹೆಂಡತಿಗೆ ಕೂಗು ಹಾಕುತ್ತ ಬರುತ್ತಿದ್ದ. ಅಂಟಿಗೆ ಬೆರಳೆಲ್ಲ ಒಂದಕ್ಕೊಂದು ಕಚ್ಚಿಕೊಂಡಿರುತ್ತಿದ್ದವು. ಅತ್ತಿಗೆ ಎಣ್ಣೆ ಹಚ್ಚಿ ಒಂದೊಂದೇ ಬೆರಳು ಬಿಡಿಸುವವರೆಗೆ ಅನ್ನಕ್ಕೆ ಕೂರುತ್ತಿರಲಿಲ್ಲ. ಅತ್ತಿಗೆಯ ಹೆಸರು ದೇವೀರಿ. ಅವಳೂ ಬಾಯಿಗೆ ಕಮ್ಮಿಯಿರಲಿಲ್ಲ. ಇಬ್ಬರೂ ಜಗಳವಾಡಿದರೆ ಬೀದಿಗೆಲ್ಲ ಕೇಳುತ್ತಿತ್ತು, ನಕ್ಕರೂ ಬೀದಿಗೆಲ್ಲ ಕೇಳುತ್ತಿತ್ತು. ನಾನು ಮದುವೆಯಾಗಿ ಹೋದದ್ದು ಅದೇ ಬೀದಿಯ ಕೊನೆಯ ಮನೆಗೆ. ಆದ್ದರಿಂದ ಎರಡೂ ನನಗೆ ಕೇಳುತ್ತಿತ್ತು.

ಅವರ ಮಗಳು ಮುತ್ತಿ ಆಗತಾನೇ ಮಾತು ಕೂಡಿಸಿ ಆಡುತ್ತಿದ್ದಳು. ಆ ಬೇಸಿಗೆಯಲ್ಲಿ ಅಣ್ಣ ಒಬ್ಬನೇ ಮಡ್ಡಿಗೆ ಹೋದವನು ಬರಲಿಲ್ಲ. ಎರಡು ದಿನ ಕಾಯುವುದು ವಾಡಿಕೆ, ಕಾದೆವು. ಆಮೇಲೆ ಗಂಡಸರೆಲ್ಲ ಹುಡುಕಲು ಹೊರಟರು. ಹಳ್ಳದವರೆಗಿನ ಕಾಡನ್ನು ಬಾಚಣಿಗೆಯಲ್ಲಿ ಬಾಚಿದಂತೆ ಬಾಚಿದರು. ಏನೂ ಸಿಗಲಿಲ್ಲ. ಈಚೆಯ ಮರಗಳನ್ನೆಲ್ಲ ಕೆತ್ತಿ ಕೆತ್ತಿ ಬತ್ತಿಸಿದ್ದೆವು, ಆಚೆಯ ಮರಗಳಿಗೆ ಇನ್ನೂ ಮಚ್ಚು ತಾಕಿರಲಿಲ್ಲ. ಅವನು ಹಳ್ಳ ದಾಟಿರಬಹುದು ಎನ್ನುವುದು ಎಲ್ಲರ ಮನಸ್ಸಿನಲ್ಲೂ ಇತ್ತು. ಅತ್ತಿಗೆ ಊರ ಯಜಮಾನ ಕೆಂಚಪ್ಪನವರ ಮನೆ ಬಾಗಿಲಿಗೆ ಹೋಗಿ ಕೂತಳು. ಜೊತೆಗೆ ನಾನಿದ್ದೆ.

"ಹಳ್ಳ ದಾಟಿ ನೋಡ್ರಪ್ಪಾ. ಒಂದ್ಸಲ ದಾಟಿ ನೋಡ್ರಪ್ಪಾ," ಎಂದಳು.

ಯಜಮಾನರು ಕೆಟ್ಟವರಲ್ಲ. ಅವರೂ ಎರಡು ದಿನದಿಂದ ಕಾಡು ಸುತ್ತಿ ಕಾಲು ಊದಿಸಿಕೊಂಡಿದ್ದರು. "ದೇವೀರವ್ವಾ, ನಿನ್ ಮನೆ ಮುಂದೆ ಯಾರಾರ ಬಂದು ಕೂತವ್ರಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ? ಜೀವ ಅದೆ ಅಂತ ತಾನೆ? ಜೀವ ಇರೋನು ಬತ್ತಾನೆ. ಬಂದರಲ್ಲಿ ಸತ್ತೋನಿಗೂ ಬಂದು ಕೂತೋರು, ಮಗ್ಗುಲಲ್ಲೇ ಇರೋನಿಗೆ ಬರ್ದೇ ಇರ್ತಾರಾ? ಇಲ್ದೇ ಇರೋ ಹೆಣ ಹುಡುಕ್ಕೊಂಡು ಅವರ ಜಾಗಕ್ಕೆ ಕಾಲಿಕ್ಕೋದು ಬ್ಯಾಡ ಕಣವ್ವ."

ಆ ಮಾತಿಗೆ ಅತ್ತಿಗೆಯ ಮುಖ ಅರಳಿತು. ದಾರಿಯುದ್ದಕ್ಕೂ ನನ್ನ ಕೈ ಹಿಡಿದು "ಹೌದಲ್ವೇನೆ? ಹೌದಲ್ವಾ?" ಎನ್ನುತ್ತ ಬಂದಳು. ಮನೆಗೆ ಬಂದವಳೇ ಹೊಂಗೆಮರದ ಬುಡವನ್ನು ಗುಡಿಸಿದಳು. ಅಲ್ಲಿ ಒಣಗಿದ ಎಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಖಾಲಿ ಜಾಗವನ್ನು ದೇವರನ್ನು ನೋಡಿದಂತೆ ನೋಡಿ ಕೈಮುಗಿದಳು.

ಮೊದಲ ವರ್ಷಗಳು ಹಾಗೇ ಕಳೆದವು. ಬೆಳಿಗ್ಗೆ ಅತ್ತಿಗೆ ಬಾಗಿಲು ತೆರೆದ ಸದ್ದಾದರೆ ಒಳಗಿನಿಂದ ಅವ್ವ ಕೇಳುತ್ತಿದ್ದಳು, "ಯಾರಾರ ಬಂದವ್ರಾ?" "ಇಲ್ಲ ಅತ್ತೆ." "ಸದ್ಯ," ಎಂದು ಅವ್ವ ಮಗ್ಗುಲು ಬದಲಿಸುತ್ತಿದ್ದಳು. ಅತ್ತಿಗೆ ಹಣೆಗೆ ಕುಂಕುಮ ಇಟ್ಟು ಊದುಬತ್ತಿಯ ಹಲಗೆ ಮುಂದೆ ಕೂರುತ್ತಿದ್ದಳು. ಅಣ್ಣನ ಪಂಚೆಗಳನ್ನು ಬಿಸಿಲಿಗೆ ಹಾಕಿ ತೆಗೆಯುತ್ತಿದ್ದಳು. ಹಬ್ಬಕ್ಕೆ ಅವನ ಪಾಲಿನ ಹೋಳಿಗೆಯನ್ನು ತೆಗೆದಿಟ್ಟು ಮಾರನೆಯ ದಿನ ಮುತ್ತಿಗೆ ಕೊಡುತ್ತಿದ್ದಳು. ಬೀದಿಯವರು ಅವಳನ್ನು ಕಂಡರೆ ಸಮಾಧಾನದ ಮಾತಾಡುತ್ತಿರಲಿಲ್ಲ. ಗಂಡ ಊರಿಗೆ ಹೋಗಿರುವ ಹೆಂಗಸಿನ ಜೊತೆ ಆಡುವ ಮಾತನ್ನೇ ಆಡುತ್ತಿದ್ದರು. "ಬಂದ್ನಾ?" "ಇನ್ನೂ ಇಲ್ಲ." "ಬತ್ತಾನೆ ಬುಡು."

ಬರಬರುತ್ತ ಆ ಮಾತಿನ ಬಣ್ಣ ತಿರುಗಿತು. ಜೀವವಿದೆ ಎನ್ನುವುದು ಖಾತ್ರಿ. ಜೀವವಿದ್ದವನು ಬರಲಿಲ್ಲವೆಂದರೆ? ಮಡ್ಡಿ ಮಾರಲು ಹೋಗಿದ್ದ ಒಬ್ಬ, ಕೆಳಗಿನ ಸೀಮೆಯ ಸಂತೆಯಲ್ಲಿ ರಾಚಪ್ಪನ ಹಾಗಿರುವವನನ್ನು ಕಂಡೆ, ಪಕ್ಕದಲ್ಲಿ ಒಬ್ಬಳಿದ್ದಳು, ಕಂಕುಳಲ್ಲಿ ಮಗು ಇತ್ತು ಎಂದು ಬಂದು ಹೇಳಿದ. ಕೂಗಿದೆಯಾ ಎಂದರೆ ಇಲ್ಲ ಎಂದ. ಆದರೂ ಮಾತು ಬೀದಿಯಲ್ಲಿ ಉಳಿಯಿತು. ಮುತ್ತಿ ಶಾಲೆಯಿಂದ ಬಂದವಳು "ಅವ್ವಾ, ಅಪ್ಪ ನಮ್ಮನ್ನ ಬುಟ್ಟು ಬ್ಯಾರೆ ಮದ್ವೆ ಆಗವ್ನಂತೆ, ನಿಜ್ವಾ?" ಎಂದು ಕೇಳಿದಳು. ಅತ್ತಿಗೆ ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಅವಳ ಕೆನ್ನೆಗೆ ಹೊಡೆದಳು. ಹೊಡೆದಾದ ಮೇಲೆ ಕೆನ್ನೆಯ ಮೇಲಿನ ಹಿಟ್ಟು ಒರೆಸುತ್ತ ತಾನೇ ಅತ್ತಳು.

ಗಾರೆ ಕೆಲಸದ ಗುರುಮಲ್ಲ ಅವಳನ್ನು ಕೇಳಿದ್ದು ಅದೇ ಸುಮಾರಿಗೆ. ಹೆಂಡತಿ ಸತ್ತು ಒಬ್ಬನೇ ಇದ್ದ, ಮಾತು ಕಮ್ಮಿ, ಕೆಲಸ ನೇರ. ನಮ್ಮಲ್ಲಿ ಗಂಡ ಹೋದವಳು ಕೂಡಿಕೆಯೆಂದು ಇನ್ನೊಂದು ಮದುವೆ ಮಾಡಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮುರಿದಿದ್ದ ಜಗುಲಿ ಕಟ್ಟೆ ಸರಿಮಾಡಲು ಬಂದವನು ಕೆಲಸ ಮುಗಿಸಿ, ಕೈ ತೊಳೆದು, ಅವ್ವನೆದುರು ಕೂತು ಹೇಳಿದ. ಅವ್ವ ಸೊಸೆಯ ಮುಖ ನೋಡಿದಳು.

"ನಂಗೆ ಗಂಡ ಅವ್ನೆ," ಎಂದಳು ಅತ್ತಿಗೆ.

"ಅವ್ನೆ ಅನ್ನದಾದ್ರೆ ಬರ್ಲಿ ಕಣವ್ವ. ನಾನು ಬ್ಯಾಡ ಅನ್ನಕಿಲ್ಲ," ಎಂದ ಗುರುಮಲ್ಲ. "ಬರಗಂಟ ನಾನಿರ್ತೀನಿ."

ಅದು ತಮಾಷೆಯ ಮಾತಲ್ಲ, ಅವನು ನಿಜವಾಗಿ ಹೇಳಿದ್ದು. ಅತ್ತಿಗೆ ಒಳಗೆ ಹೋದವಳು ಹೊರಗೆ ಬರಲಿಲ್ಲ. ಅವನು ಬಹಳ ವರ್ಷ ಕಾದ. ಹಬ್ಬಕ್ಕೆ ಸುಣ್ಣ ಬಳಿದುಕೊಟ್ಟು ಹೋಗುತ್ತಿದ್ದ, ಮುತ್ತಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೊತ್ತುಕೊಂಡು ಓಡುತ್ತಿದ್ದ. ಕೊನೆಗೆ ಅವನ ಅಕ್ಕ ಬಂದು ಹಟ ಹಿಡಿದು ಬೇರೆ ಊರಿನ ಹೆಣ್ಣು ತಂದು ಮದುವೆ ಮಾಡಿದಳು. ಮದುವೆಯ ದಿನ ಅತ್ತಿಗೆ ಹೋಗಿ ಅಕ್ಷತೆ ಹಾಕಿ, ಉಂಡು, ಮನೆಗೆ ಬಂದಳು. ಸಂಜೆ ನಾವಿಬ್ಬರೂ ಊದುಬತ್ತಿ ಹೊಸೆಯುತ್ತಿದ್ದೆವು. ಹಲಗೆಯ ಮೇಲೆ ಕಡ್ಡಿ ಉರುಳಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಪುಟ್ಟಾಜೀ, ಒಂದ್ಮಾತು ಹೇಳ್ತೀನಿ, ನಿಮ್ಮವ್ವನಿಗೆ ಹೇಳ್ಬ್ಯಾಡ."

"ಹೇಳಕ್ಕೋಗಕಿಲ್ಲ, ಏನತ್ತಿಗೆ?"

"ಮೊದ್ಲೆಲ್ಲ ಬಾಗ್ಲು ತೆಗೆಯಾಗ ಅವರು ಬಂದಿರ್ಬಾರ್ದಪ್ಪಾ ಅಂತ ತೆಗೀತಿದ್ದೆ. ಈಗ ಬಂದಿರ್ಲಪ್ಪಾ ಅಂತ ತೆಗೀತೀನಿ ಕಣೆ. ನಾನೆಂಥ ಹೆಂಗ್ಸು ನೋಡು."

ನಾನು ಏನು ಹೇಳಲಿ? ಅವನು ನನ್ನ ಒಡಹುಟ್ಟಿದವನು. ಸತ್ತಿರಲಿ ಎಂದರೆ ಬಾಯಿ ಬಾರದು, ಬದುಕಿ ಅವಳನ್ನು ಮರೆತಿರಲಿ ಎಂದರೂ ಬಾರದು. ಹಲಗೆಯನ್ನು ಪಕ್ಕಕ್ಕೆ ಸರಿಸಿ ಅವಳ ಬೆನ್ನು ಸವರಿದೆ. ಒಳಗೆ ಅವ್ವ ಕೆಮ್ಮುತ್ತಿದ್ದಳು.

ಮೃಣಾಲಿನಿ ಮೇಡಂ ನಮ್ಮೂರಿಗೆ ಬಂದದ್ದು ಅದರ ಮುಂದಿನ ವರ್ಷ. ಯಾವುದೋ ವಿಶ್ವವಿದ್ಯಾಲಯದಲ್ಲಿ ಮಂಗಗಳ ಬಗ್ಗೆ ಓದಿದವರು. ಪತ್ರಿಕೆಯೊಂದರಲ್ಲಿ ನಮ್ಮ ಬೆಟ್ಟದ ಸುದ್ದಿ ಕಂಡು ಹುಡುಕಿಕೊಂಡು ಬಂದಿದ್ದರು. ಅವ್ವನ ಮನೆಯ ಹೊರಕೋಣೆಯಲ್ಲಿ ಇಳಿದುಕೊಂಡರು. ಅವ್ವನ ಪಕ್ಕ ಕೂತು ಕಂಬಳಿಯವರ ಕತೆಯನ್ನೆಲ್ಲ ಬರೆದುಕೊಳ್ಳುತ್ತಿದ್ದರು, ಅತ್ತಿಗೆ ಕೊಟ್ಟ ಮುದ್ದೆಯನ್ನು ಅಗಿದು ತಿಂದು ನಗಿಸುತ್ತಿದ್ದರು. ಊರಿನವರಿಗೆ ಹೇಳುವುದಕ್ಕೆ ಒಬ್ಬರು ಸಿಕ್ಕಿದ್ದೇ ಸಾಕಾಗಿತ್ತು. ಯಾರ ಮನೆಗೆ ಬಂದವರು ಎಷ್ಟು ಎತ್ತರ, ಯಾರ ಕೂದಲು ಕೆಂಪು, ಯಾರಿಗೆ ಒಂದು ಕಿವಿ ಹರಿದಿತ್ತು. ಪ್ರಪಂಚದ ಬೇರೆ ಬೇರೆ ಕಡೆ ಹಿಮದಲ್ಲಿ, ದೇವದಾರು ಕಾಡುಗಳಲ್ಲಿ ಇಂಥವರನ್ನು ಕಂಡೆವೆಂದು ಹೇಳುವವರಿದ್ದಾರೆ, ಹೆಜ್ಜೆಯ ಅಚ್ಚು ತೋರಿಸುತ್ತಾರೆ, ಯಾವುದೂ ಗಟ್ಟಿಯಾಗಿಲ್ಲ ಎಂದು ಮೇಡಂ ಹೇಳಿದರು. ಆನೆಗಳು ಸತ್ತ ಆನೆಯ ಹತ್ತಿರ ನಿಲ್ಲುತ್ತವೆ, ಕೋತಿ ಸತ್ತ ಮರಿಯನ್ನು ಹೊತ್ತು ತಿರುಗುತ್ತದೆ, ಹಾಗೆಯೇ ಇವರದೂ ಒಂದು ಬಗೆಯ ವಂಶವಾಗಿರಬಹುದು ಎನ್ನುವುದು ಅವರ ಊಹೆ. ಅವರು ಬಂದ ಮೇಲೆ ಒಂದು ಸಾವಾಯಿತು, ಫೋಟೋ ತೆಗೆದರು. ಅದನ್ನು ಹೊರಗಿನವರಿಗೆ ಕಳಿಸಿದ್ದಕ್ಕೆ, ಯಾರೋ ಕಂಬಳಿ ಹೊದ್ದು ಕೂತಿದ್ದಾರೆ ಎಂದು ಉತ್ತರ ಬಂತಂತೆ. ಮೇಡಂ ನಕ್ಕರು. "ನಾನೂ ನನ್ನೂರಲ್ಲೇ ಕೂತು ಈ ಫೋಟೋ ನೋಡಿದ್ರೆ ಹಾಗೇ ಅಂತಿದ್ದೆ," ಎಂದರು.

ಒಂದು ದಿನ ಅತ್ತಿಗೆಯನ್ನು ಕೇಳಿದರು, "ಅವರು ತಪ್ಪದೇ ಬರ್ತಾರೆ ಅಂತ ಎಲ್ಲರೂ ಹೇಳ್ತಾರೆ. ಯಾವತ್ತಾದ್ರೂ ಸಾವಾಗಿ ಬಾರದೇ ಇದ್ದದ್ದು ಉಂಟಾ?"

"ಬರ್ನಿಲ್ಲ ಅಂದ್ರೆ ಸಾವಾಗಿಲ್ಲ ಅಂತ ಮೇಡಂ," ಎಂದಳು ಅತ್ತಿಗೆ.

"ಅದು ಹೇಗೆ ಗೊತ್ತಾಗುತ್ತೆ?"

ಆ ದಿನದಿಂದ ಅತ್ತಿಗೆ ಸರಿಯಾಗಿ ಊಟ ಮಾಡಲಿಲ್ಲ. ಆ ಪ್ರಶ್ನೆಯನ್ನು ನಮ್ಮೂರಿನಲ್ಲಿ ಹುಟ್ಟಿದ ಯಾರೂ ಕೇಳುವಂತಿರಲಿಲ್ಲ.

ಅವ್ವ ತೀರಿಕೊಂಡದ್ದು ಚಳಿ ಮುಗಿಯುವ ಹೊತ್ತಿಗೆ. ಕೊನೆಯ ದಿನಗಳಲ್ಲಿ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಬಾಗಿಲ ಸದ್ದಿಗೆ ಕಿವಿ ಕೊಟ್ಟು "ಯಾರಾರ ಬಂದವ್ರಾ?" ಎನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆ ಸಂಜೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮುತ್ತಿ ಕಾಲು ಒತ್ತುತ್ತಿದ್ದಳು. ಹೊರಗೆ ನಾಯಿಗಳು ಬೊಗಳುವುದು ನಿಂತಿತು. ಅತ್ತಿಗೆ ಎದ್ದು ಹೋಗಿ ಬಾಗಿಲು ತೆರೆದಳು. ಹೊಂಗೆಮರದ ಕೆಳಗೆ ಒಬ್ಬರು ಕಾಲು ಮಡಿಸಿ ಕೂರುತ್ತಿದ್ದರು. ಅತ್ತಿಗೆಯ ಬಾಯಿಂದ ಒಂದು ಶಬ್ದ ಬಂತು. ಅದು ಅಳುವೋ ಹಾಡೋ ಹೇಳಲಾರೆ. ಇಷ್ಟು ವರ್ಷ ಕಾದದ್ದು ಬಂದೇಬಿಟ್ಟಿತು ಎಂದುಕೊಂಡಳು ಅವಳು. ತಾಳಿಗೆ ಕೈ ಹಾಕಿ ಹಿಡಿದಿದ್ದಳು. ನಾನು ಒಳಗಿನಿಂದ "ಅತ್ತಿಗೇ, ಅವ್ವ..." ಎಂದೆ. ಅವಳು ತಿರುಗಿ ನೋಡಿದಳು. ಅವ್ವನ ಬಾಯಿ ಸ್ವಲ್ಪ ತೆರೆದಿತ್ತು. ಅತ್ತಿಗೆಯ ಕೈ ತಾಳಿಯಿಂದ ಜಾರಿತು.

ಮಾರನೆಯ ದಿನ ಬೆಳಿಗ್ಗೆ ಅವ್ವನನ್ನು ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಮಗ ಇಲ್ಲದ್ದರಿಂದ ಚಿಕ್ಕಪ್ಪನ ಕೈಯಲ್ಲಿ ಮೊದಲ ಹಿಡಿ ಮಣ್ಣು ಹಾಕಿಸಿದರು. ಗುಂಡಿ ತೋಡಿದ್ದು ಗುರುಮಲ್ಲ. ಬಂದಿದ್ದ ಕಂಬಳಿಯವರು ದೂರದಲ್ಲಿ ನಿಂತಿದ್ದು, ಮಣ್ಣು ಮುಚ್ಚಿದ್ದೇ ಬೆನ್ನು ತಿರುಗಿಸಿ ಬೆಟ್ಟದ ಕಡೆ ಹೊರಟರು. ಜನ ಸ್ನಾನಕ್ಕೆ ಕೆರೆಯತ್ತ ಹೊರಟಿತು. ಅತ್ತಿಗೆ ಕೆರೆಯ ಕಡೆ ತಿರುಗಲಿಲ್ಲ. ಅವರ ಹಿಂದೆಯೇ ನಡೆಯತೊಡಗಿದಳು.

"ದೇವೀರವ್ವಾ, ಎಲ್ಲಿಗೆ?" ಯಜಮಾನರು ಕೂಗಿದರು. ಅವರೂ ಮುದುಕರಾಗಿದ್ದರು.

"ಕೇಳ್ಬೇಕು," ಎಂದಳು ನಿಲ್ಲದೆ. "ಅತ್ತೆಗೆ ಬಂದ್ರಿ, ಮಾವನಿಗೆ ಬಂದ್ರಿ, ನಮ್ಮನೇವ್ರಿಗೆ ಯಾಕ್ ಬರ್ನಿಲ್ಲ ಅಂತ ಕೇಳ್ಬೇಕು. ಬದುಕವ್ನೋ ಇಲ್ವೋ ಅಂತ ಕೇಳ್ಬೇಕು."

ಯಾರೂ ಅವಳನ್ನು ಹಿಡಿದು ನಿಲ್ಲಿಸಲಿಲ್ಲ. ಮುತ್ತಿಯನ್ನು ಚಿಕ್ಕಮ್ಮನಿಗೆ ಒಪ್ಪಿಸಿ ನಾನು ಓಡಿದೆ. ಮೇಡಂ ನನ್ನ ಹಿಂದೆ ಬಂದರು. ಗುರುಮಲ್ಲ ಹೆಗಲ ಮೇಲಿನ ಗುದ್ದಲಿ ಇಳಿಸದೆಯೇ ಬಂದ. ಬಸುರಿ ಹೆಂಡತಿ ಅವನನ್ನೇ ನೋಡುತ್ತ ನಿಂತಿದ್ದಳು. ಅವನು ಅವಳಿಗೆ ಕೈಯಲ್ಲಿ ಏನೋ ಸನ್ನೆ ಮಾಡಿ ಬಂದ.

ಮುಂದೆ ಹೋಗುತ್ತಿದ್ದವರು ನಮ್ಮನ್ನು ತಿರುಗಿ ನೋಡಲಿಲ್ಲ, ಓಡಲೂ ಇಲ್ಲ. ಏರಿನಲ್ಲಿ ನಾವು ಏದುಸಿರು ಬಿಡುತ್ತ ಹಿಂದೆ ಬಿದ್ದರೆ ಅವರ ನಡಿಗೆ ನಿಧಾನವಾಗುತ್ತಿತ್ತು. ಹಳ್ಳದ ಹತ್ತಿರ ನಾನು ನಿಂತೆ. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಇಷ್ಟೇ ನೀರನ್ನು ಇಷ್ಟು ವರ್ಷ ಯಾರೂ ದಾಟಿರಲಿಲ್ಲ. ಅತ್ತಿಗೆ ಸೀರೆ ಎತ್ತಿಕಟ್ಟಿ ನಡೆದುಬಿಟ್ಟಳು. ಹಿಂದೆಯೇ ನಾವೂ ಇಳಿದೆವು.

ಆಚೆಯ ಕಾಡೂ ನಮ್ಮ ಕಾಡಿನ ಹಾಗೆಯೇ ಇತ್ತು. ಮರಗಳು ಮಾತ್ರ ದಪ್ಪ. ಅವರು ಹೋಗಿ ನಿಂತ ಜಾಗ ಹಳ್ಳದಿಂದ ಹೆಚ್ಚು ದೂರವಿರಲಿಲ್ಲ. ಗಟ್ಟಿಯಾಗಿ ಕೂಗಿದರೆ ಈಚೆಯ ದಡಕ್ಕೆ ಕೇಳುವಷ್ಟು. ಇಳಿಜಾರಿನಲ್ಲಿ ದೊಡ್ಡದೊಂದು ಮಡ್ಡಿ ಮರ, ಅದರ ಮೈಮೇಲೆ ಮಚ್ಚಿನಲ್ಲಿ ಕೆತ್ತಿ ಅರ್ಧಕ್ಕೆ ಬಿಟ್ಟ ಗುರುತು. ತೊಗಟೆ ಅದರ ಸುತ್ತ ತುಟಿಯ ಹಾಗೆ ಉಬ್ಬಿ ಬೆಳೆದಿತ್ತು. ಬುಡದಲ್ಲಿ ಬಂಡೆಗಳು. ಬಂಡೆಗಳ ನಡುವೆ ನಮ್ಮಣ್ಣನಿದ್ದ.

ಮೂಳೆಗಳು ತರಗೆಲೆಯಲ್ಲಿ ಅರ್ಧ ಹೂತಿದ್ದವು. ಸೊಂಟದ ಜಾಗದಲ್ಲಿ ಅವ್ವ ಮಾಡಿಸಿ ಹಾಕಿದ್ದ ಬೆಳ್ಳಿಯ ಉಡಿದಾರ ಕಪ್ಪಾಗಿ ಬಿದ್ದಿತ್ತು. ಅದನ್ನು ನೋಡದಿದ್ದರೂ ನನಗೆ ಗೊತ್ತಾಗುತ್ತಿತ್ತು. ತೊಡೆಯ ಮೂಳೆ ಒಂದು ಎರಡು ತುಂಡಾಗಿತ್ತು. ಅವನು ಮರದಿಂದ ಬಿದ್ದ ಗಳಿಗೆಯಲ್ಲೇ ಹೋದನೋ, ಬಿದ್ದು ಎಷ್ಟೋ ಹೊತ್ತು ಕೂಗುತ್ತಿದ್ದನೋ. ನಾನು ಆ ಮೂಳೆಯನ್ನು ನೋಡಿದೆ, ಮೇಡಂ ಕೂಡ ನೋಡಿದರು.

ಅವನೆದುರಿಗೆ ಒಬ್ಬರು ಕೂತಿದ್ದರು.

ಅಷ್ಟು ಮುದಿಯಾದವರನ್ನು ನಮ್ಮೂರು ಕಂಡಿರಲಿಲ್ಲ. ಕೂದಲು ಬೆಳ್ಳಗಾಗಿ ಅಲ್ಲಲ್ಲಿ ಪಾಚಿ ಹಿಡಿದಿತ್ತು. ಮಡಿಸಿದ ಕಾಲಿನ ಸುತ್ತ ಹುಲ್ಲು ಬೆಳೆದು, ಒಣಗಿ, ಮತ್ತೆ ಬೆಳೆದಿತ್ತು. ಕೈ ತಾಕುವಷ್ಟು ಹತ್ತಿರದಲ್ಲಿ ಅತ್ತಿಹಣ್ಣು, ಬೇಲದ ಕಾಯಿ ರಾಶಿ ಬಿದ್ದಿದ್ದವು; ಕೆಲವು ಆ ದಿನದ್ದೇ. ನಮ್ಮ ಮುಂದೆ ನಡೆದು ಬಂದಿದ್ದವರು ದಾರಿಯಲ್ಲಿ ಕಿತ್ತು ತಂದಿದ್ದ ಇನ್ನೊಂದಿಷ್ಟು ಹಣ್ಣು ಅಲ್ಲಿಗೆ ಹಾಕಿ ಮರಗಳ ನಡುವೆ ಹೊರಟುಹೋದರು. ಕೂತವರು ಕಣ್ಣು ಎತ್ತಲಿಲ್ಲ. ನಮ್ಮಣ್ಣನನ್ನು ನೋಡುತ್ತಿದ್ದರು. ಹೆಣ ಎತ್ತುವವರು ಬರುವ ತನಕ ಅವರು ಏಳುವುದಿಲ್ಲ. ಯಾರೂ ಬಂದಿರಲಿಲ್ಲ. ಅವರು ಎದ್ದಿರಲಿಲ್ಲ.

ಗುರುಮಲ್ಲ ಗುದ್ದಲಿಯನ್ನು ಸದ್ದಾಗದಂತೆ ನೆಲಕ್ಕಿಟ್ಟ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. "ಮನೆ ಮುಂದೆ ಕೂರೋದಕ್ಕೆ ಜನ ಇದ್ದಾರೆ, ಇಲ್ಲಿ ಇವರ ಹತ್ತಿರ ಯಾರೂ ಇಲ್ಲ ಅಂತ ಇಲ್ಲೇ ಕೂತುಬಿಟ್ರು," ಎಂದರು.

ಅತ್ತಿಗೆ ಅಳಲಿಲ್ಲ. ಮೊದಲು ಅವರ ಹತ್ತಿರ ಹೋದಳು. ನಾವು ಹುಟ್ಟಿದಾಗಿನಿಂದ ಯಾರೂ ಅವರಿಗೆ ಇಷ್ಟು ಹತ್ತಿರ ಹೋದದ್ದಿಲ್ಲ. ಕುಕ್ಕರಗಾಲಲ್ಲಿ ಕೂತು, ಮನೆಗೆ ಬಂದ ಹಿರಿಯರನ್ನು ಮಾತಾಡಿಸುವ ದನಿಯಲ್ಲಿ ಹೇಳಿದಳು:

"ನಾನು ಬಂದಿವ್ನಿ. ಅವರ ಹೆಂಡ್ತಿ. ತಡ ಆಯ್ತು. ನೀವಿನ್ನು ಏಳಿ, ಸಾಮಿ."

ಆ ಕಣ್ಣುಗಳು ನಿಧಾನವಾಗಿ ಅವಳ ಮುಖಕ್ಕೆ ಬಂದವು. ಅವರು ನೆಲಕ್ಕೆ ಕೈಯೂರಿದರು. ಏಳಲಾಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಅತ್ತಿಗೆ ತನ್ನ ಹೆಗಲು ಕೊಟ್ಟಳು. ಇನ್ನೊಂದು ಕಡೆಯಿಂದ ಗುರುಮಲ್ಲ ಹಿಡಿದ. ಅವರ ಕೀಲುಗಳು ನಟನಟನೆ ಸದ್ದು ಮಾಡಿದವು, ಹುಲ್ಲು ಬೇರುಸಹಿತ ಕಿತ್ತುಬಂತು, ಎದ್ದು ನಿಂತರು. ಒಂದು ಕ್ಷಣ ಅತ್ತಿಗೆಯ ತಲೆಯ ಮೇಲೆ ಕೈಯಿಟ್ಟರೋ, ಆಧಾರಕ್ಕೆಂದು ಹಿಡಿದರೋ ತಿಳಿಯದು. ಆಮೇಲೆ ಮರದಿಂದ ಮರಕ್ಕೆ ಕೈಯೂರುತ್ತ, ಬಹಳ ನಿಧಾನವಾಗಿ ಕಾಡಿನೊಳಗೆ ಹೋದರು.

ಗುರುಮಲ್ಲ ಟವಲು ಹಾಸಿ ಮೂಳೆಗಳನ್ನು ಆಯಲು ಬಗ್ಗಿದ. ಅತ್ತಿಗೆ ಅವನನ್ನು ತಡೆದಳು.

"ನೀವೆಲ್ಲ ಒಂದು ಗಳಿಗೆ ಹಳ್ಳದ ತಾವು ಕೂತಿರಿ. ಆಮೇಲೆ ಕರೀತೀನಿ."

ನಾವು ಮೂವರೂ ಹಳ್ಳಕ್ಕೆ ಇಳಿದು ಬಂದು ಕಲ್ಲುಗಳ ಮೇಲೆ ಕೂತೆವು. ಗುರುಮಲ್ಲ ನೀರಿಗೆ ಕಾಲು ಇಳಿಬಿಟ್ಟು ತಲೆ ತಗ್ಗಿಸಿದ್ದ. "ಈ ಹಳ್ಳ ದಾಟಕ್ಕೆ ಒಬ್ರೂ ಇರ್ನಿಲ್ವಲ್ಲ ಕಣಕ್ಕ ನಾವು," ಎಂದ. ಅಷ್ಟರಲ್ಲಿ ಮೇಲಿನಿಂದ ಅತ್ತಿಗೆಯ ದನಿ ಕೇಳತೊಡಗಿತು. ಮದುವೆಯಾಗಿ ಬಂದಾಗಿನಿಂದ ಅಣ್ಣನ ಹೆಸರನ್ನು ಬಾಯಿಂದ ಆಡದವಳು ಹೆಸರು ಹಿಡಿದು ಬಯ್ಯುತ್ತಿದ್ದಳು. "ರಾಚಪ್ಪಾ, ಇಲ್ಲಿದ್ದೀಯಾ ನೀನು? ಯಾರನ್ನ ಕೇಳಿ ದಾಟಿದೆ? ನಿನ್ ಮಡ್ಡಿಗೆ ಬೆಂಕಿ ಹಾಕ! ಸಂತೇಲಿ ಇನ್ಯಾರ್ನೋ ಕಟ್ಕಂಡವ್ನೆ ಅಂದ್ರು ಕಣೋ. ನಾನು ಬಯ್ಕಂಡೆ, ನಿನ್ನ ಬಾಯ್ತುಂಬ ಬಯ್ಕಂಡೆ, ನೀನು ಸಾಯ್ಬಾರ್ದಾ ಅಂದೆ. ಅಂದಾಗ ನೀನು ಇಲ್ಲಿದ್ಯಲ್ಲೋ!" ದನಿ ಒಡೆದು, ನಿಂತು, ಮತ್ತೆ ಏರುತ್ತಿತ್ತು. ಹಿಂದಿನ ದಿನಗಳಲ್ಲಿ ಬೀದಿಗೆಲ್ಲ ಕೇಳುತ್ತಿದ್ದ ಅದೇ ದೊಡ್ಡ ದನಿ. ಬಯ್ದು ಬಯ್ದು ಸಾಕಾದ ಮೇಲೆ ಅದು ತಗ್ಗಿತು. ಆಮೇಲೆ ಕೇಳಿಸಿದ್ದು ಬಿಡಿಬಿಡಿ ಮಾತು. ನಿಮ್ಮವ್ವ ನಿನ್ನೆ ಹೋದರು. ಮುತ್ತಿ ದೊಡ್ಡವಳಾದಳು, ನಿನ್ನದೇ ಮೂಗು. ಎಮ್ಮೆ ಮಾರಿದೆ. ಜಗುಲಿ ಕಟ್ಟಿಸಿದೆ. ಮನೆಗೆ ಬಂದ ಗಂಡನಿಗೆ ಅನ್ನ ಬಡಿಸುತ್ತ ಹೇಳುವ ಹಾಗೆ ಒಂದಾದ ಮೇಲೊಂದು ಹೇಳುತ್ತಲೇ ಇದ್ದಳು. ಅವಳು ಕರೆಯುವವರೆಗೂ ನಾವು ಕಾಯುತ್ತ ಕೂತಿದ್ದೆವು.